ರಾಣಿಯ ಎಡಗಾಲು

ಮಾರ್ಚ್ ೩, ಸೋಮವಾರ

ಮುಖಕ್ಕೆ ನಾಲ್ಕು ಗಂಟೆ, ರೆಕ್ಕೆಗೆ ಒಂದು, ಪಾದಕ್ಕೆ ಅರ್ಧ. ಹದಿನೈದು ವರ್ಷಗಳಿಂದ ಇದು ಬದಲಾಗಿಲ್ಲ. ಬದಲಾದದ್ದು ನಾನು ಕುರ್ಚಿಯಿಂದ ಏಳುವ ರೀತಿ. ಮೊದಲು ಸುಮ್ಮನೆ ಏಳುತ್ತಿದ್ದೆ. ಈಗ ಕುರ್ಚಿಯ ಎರಡೂ ಕೈ ಹಿಡಿದು, ಬಲಮೊಣಕಾಲಿಗೆ ಮುಂಚಿತವಾಗಿ ತಿಳಿಸಿ, ಅದರ ಒಪ್ಪಿಗೆ ಬಂದ ಮೇಲೆ ಏಳುತ್ತೇನೆ.

ಇವತ್ತು ಒಪ್ಪಿಗೆ ಬರಲಿಲ್ಲ. ಎದ್ದವಳು ಹಾಗೇ ಕೂತೆ. ನನ್ನ ಮುಖಕ್ಕೆ ಕೊಕ್ಕು, ಪುಕ್ಕ ಎಲ್ಲ ಅಂಟಿಸುವವರನ್ನು ಇಡೀ ಸ್ಟುಡಿಯೋ ಗೋಂದಣ್ಣ ಎನ್ನುತ್ತದೆ. ಅವರು ನಕ್ಕರು.

"ಏನಮ್ಮಾ ರಾಣಿ, ಕುರ್ಚಿಗೂ ಗೋಂದು ಹಚ್ಚಿಬಿಟ್ಟೆನಾ?"

ನಾನೂ ನಕ್ಕೆ. ಮುಖವಾಡದೊಳಗೆ ನಕ್ಕರೆ ಹೊರಗೆ ಕಾಣುವುದಿಲ್ಲ.

ಮಧ್ಯಾಹ್ನ ಡೈರೆಕ್ಟರು ಬಂದು ಪಕ್ಕದಲ್ಲಿ ಕೂತರು. "ಮುಖ ಕಾಣೋ ಕಡೆಯೆಲ್ಲ ನೀವೇ. ದೂರದ ಶಾಟ್‌ಗೆ, ಬೆನ್ನು ಕಾಣೋ ಕಡೆ ಇನ್ನೊಬ್ಬರನ್ನ ಹಾಕೋಣ. ನಿಮ್ಮ ಕಾಲಿಗೂ ಆರಾಮ." ಕಾಲಿನ ವಿಷಯ ನಾನು ಅವರಿಗೆ ಹೇಳಿರಲಿಲ್ಲ.

ಇದು ಸಿನಿಮಾದ ಐದನೆಯ ಭಾಗ. ನನ್ನ ಪಾತ್ರ ಅರ್ಧ ಹೆಂಗಸು, ಅರ್ಧ ಹಕ್ಕಿ, ಮುಳುಗುತ್ತಿರುವ ನಗರವೊಂದರ ರಾಣಿ. ನಾಲ್ಕು ಭಾಗ ನೋಡಿದ ಜನಕ್ಕೆ ನನ್ನ ಮುಖ ಗೊತ್ತಿಲ್ಲ, ನಡಿಗೆ ಗೊತ್ತು. ಬಲಮೊಣಕಾಲು ಬಾಗಿ ಭಾರವನ್ನೆಲ್ಲ ಹೊರುತ್ತದೆ. ಎಡಗಾಲು ಅರ್ಧ ತಾಳ ತಡವಾಗಿ, ಬೆರಳುಗಳನ್ನು ಮೊದಲು ಊರಿ, ನೆಲವನ್ನು ಏನೋ ಕೇಳುವಂತೆ ಇಳಿಯುತ್ತದೆ. ನಮ್ಮ ಬೀದಿಯ ಹಾಲಿನ ಅಂಗಡಿಯವನ ಪುಟ್ಟ ಮಗಳು ರಾಣಿಯ ನಡಿಗೆಯನ್ನು ಒಮ್ಮೆ ನನಗೇ ನಡೆದು ತೋರಿಸಿದ್ದಳು. ಚೆನ್ನಾಗಿಯೇ ನಡೆದಳು. ಚಿಲ್ಲರೆ ತೆಗೆದುಕೊಂಡು ಬಂದೆ.

ಆ ಜಾಗಕ್ಕೆ ಆಗಲೇ ಕರೆಸಿದ್ದ ಹನ್ನೆರಡು ನರ್ತಕಿಯರು ನಡೆದು ತೋರಿಸಿದರು. ಕುಂಟಿದರು, ಅಥವಾ ಕುಣಿದರು. ಒಬ್ಬರಿಗೂ ಬರಲಿಲ್ಲ. ನನಗೆ ಸಂತೋಷವಾಯಿತು ಎಂದು ಇಲ್ಲಿ ಬರೆದರೆ ಯಾರಿಗೂ ನಷ್ಟವಿಲ್ಲ.

ಹದಿಮೂರನೆಯವಳು ಬಂದಾಗ ತಲೆಯೆತ್ತಿದೆ. ಆ ಬೆನ್ನು ನನಗೆ ಗೊತ್ತು. ಅಕ್ಕನ ಮಗಳು. ಇಪ್ಪತ್ತೆರಡು ವರ್ಷ. ಡೈರೆಕ್ಟರಿಗೆ ಇವಳು ಸಾಕು ಎನಿಸಿತು.

ಅಕ್ಕ, ನಾನು ಒಂದೇ ಮೇಷ್ಟ್ರ ಹತ್ತಿರ ನೃತ್ಯ ಕಲಿತವರು. ಅವಳು ವೇದಿಕೆಯಲ್ಲೇ ಉಳಿದಳು, ಈಗ ಕಲಿಸುತ್ತಾಳೆ. ನಾನು ಇಪ್ಪತ್ತೊಂಬತ್ತಕ್ಕೆ ರೆಕ್ಕೆ ಕಟ್ಟಿಕೊಂಡು ಹೋದೆ. ಇದು ಅವಳ ಮಾತು. ನಾವು ಮಾತು ಬಿಟ್ಟಿಲ್ಲ. ಆಡುವುದಿಲ್ಲ, ಅಷ್ಟೆ.

ಮಾರ್ಚ್ ೫, ಬುಧವಾರ

ಆ ಹುಡುಗಿಗೆ ಕಲಿಸುವ ಕೆಲಸ ನನ್ನದೇ ಆಗಿದೆ. ಅಭ್ಯಾಸದ ಕೋಣೆಯಲ್ಲಿ ಹಲಗೆಯ ನೆಲ, ಒಂದು ಗೋಡೆಯುದ್ದ ಕನ್ನಡಿ, ಗಾಜು ಒಡೆದ ಕಡೆ ಹಳೆಯ ಪತ್ರಿಕೆ. ಅವಳು ನನ್ನನ್ನು ಮೇಡಂ ಎಂದಳು. ನಾನು ತಿದ್ದಲಿಲ್ಲ.

ಒಂದು ಗಂಟೆ ನಡೆದ ಮೇಲೆ ಕೇಳಿದಳು. "ಈ ನಡಿಗೆ ನಿಮಗೆ ಹೇಗೆ ಹೊಳೀತು ಮೇಡಂ?"

ಹೇಳಿದೆ. ಮೊದಲ ಭಾಗಕ್ಕೆ ಮುಂಚೆ ಮೂರು ತಿಂಗಳು ಊರಾಚೆಯ ಕೆರೆಯ ದಂಡೆಯಲ್ಲಿ ಕೂತಿದ್ದೆ. ಒಂದು ಕೊಕ್ಕರೆ ಬೆಳಿಗ್ಗೆ ಆರೂವರೆಗೆ ಬರುತ್ತಿತ್ತು. ಅದರ ಎಡಗಾಲಿಗೆ ಎಂದೋ ಗಾಯವಾಗಿತ್ತು. ಊರುವ ಮುನ್ನ ಆ ಕಾಲನ್ನು ನೀರಿನ ಮೇಲೆ ಒಂದು ಕ್ಷಣ ತಡೆದು ಹಿಡಿಯುತ್ತಿತ್ತು. ಎಳೆಬಿಸಿಲಾದರೆ ನೀರಿನ ಬಣ್ಣ ಬೇರೆ, ಮೋಡವಾದರೆ ಬೇರೆ. ಕಾಲಿನ ತಡೆ ಮಾತ್ರ ಅಷ್ಟೇ. ಇದನ್ನು ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ನಟನೆ ಕಲಿಸುವ ಶಾಲೆಯೊಂದರ ಪಾಠದಲ್ಲೂ ಸೇರಿದೆಯಂತೆ.

"ಆಮೇಲೆ ಆ ಕೊಕ್ಕರೆ ಏನಾಯ್ತು?" ಎಂದಳು.

ಹದಿನೈದು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

"ಹಾರಿಹೋಯ್ತು," ಎಂದೆ.

ಮಾರ್ಚ್ ೭, ಶುಕ್ರವಾರ

ಮೊಣಕಾಲಿಗೆ ಮಂಜುಗಡ್ಡೆ. ಬರೆಯುವಂಥದ್ದೇನಿಲ್ಲ.

ಮಾರ್ಚ್ ೧೧, ಮಂಗಳವಾರ

ಹುಡುಗಿಗೆ ಇವತ್ತು ಮೊದಲ ಸಲ ಪಾದ ತೊಡಿಸಿದರು. ರಬ್ಬರಿನ ಹಕ್ಕಿಪಾದ, ಮೂರು ಉಗುರು ಮುಂದೆ, ಒಂದು ಹಿಂದೆ. ಹಿಮ್ಮಡಿ ಗಾಳಿಯಲ್ಲೇ ಇರುತ್ತದೆ, ಇಡೀ ಮೈ ಬೆರಳುಗಳ ಮೇಲೆ. ನನ್ನ ಕಾಲಿನ ಅಚ್ಚಿನಲ್ಲೇ ಎರಕ ಹೊಯ್ದದ್ದು. ಅವಳದೂ ನನ್ನದೂ ಒಂದೇ ಅಳತೆ.

ನಾಲ್ಕು ಹೆಜ್ಜೆ ಹಾಕಿ ನಿಂತಳು. "ಬಲಗಡೆ ಸರಿಯಾಗಿದೆ. ಎಡಗಡೆ ಸಡಿಲ."

"ಅದು ಹಾಗೇ ಬರೋದು," ಎಂದರು ಗೋಂದಣ್ಣ.

"ಒಂದಂಗುಲ ಸಡಿಲ, ಗೋಂದಣ್ಣ. ಇಷ್ಟು ವರ್ಷ ಚಿಕ್ಕಮ್ಮ ಹೇಗೆ ನಡೆದ್ರು ಇದರಲ್ಲಿ?"

"ಹತ್ತಿ ತುರುಕಿಕೊಂಡು. ಕೊಡ್ತೀನಿ ತಾಳು, ನನ್ನ ಹತ್ತಿರ ಹತ್ತಿಗೇನು ಬರ?" ಎನ್ನುತ್ತ ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಅವರ ಕಪಾಟಿನ ಕೆಳಗಿನ ಹಲಗೆಯಲ್ಲಿ ನನ್ನ ಎರಡು ಕಾಲುಗಳ ಪ್ಲಾಸ್ಟರಿನ ಅಚ್ಚುಗಳಿವೆ. ಎಡಗಾಲಿನ ಕಣಕಾಲು ಬಲಗಾಲಿನದಕ್ಕಿಂತ ದಪ್ಪ. ಒಣಗಿದ ಅಚ್ಚು ಇಳಿಯುವುದಿಲ್ಲ, ಊದಿದ್ದು ಊದಿಯೇ ಇರುತ್ತದೆ.

ಚಿಕ್ಕಮ್ಮ ಎಂದಳಲ್ಲ, ಅದನ್ನು ಈಗ ಬರೆಯುವಾಗ ಗಮನಿಸಿದೆ.

ಮಾರ್ಚ್ ೧೩, ಗುರುವಾರ

ಅಕ್ಕನ ಫೋನು. ಎರಡು ವರ್ಷದ ಮೇಲೆ.

"ನನ್ನ ಮಗಳನ್ನ ಕೋಳಿ ಮಾಡ್ತಿದ್ದೀಯಂತೆ?"

"ಕೊಕ್ಕರೆ."

"ಯಾವುದಾದರೇನು, ಪುಕ್ಕ ತಾನೇ. ಮನೇಲೂ ಹಾಗೇ ನಡೀತಾಳೆ ಕಣೇ. ಅಡುಗೆಮನೆಗೆ ನೀರು ಕುಡಿಯೋಕೆ ಬಂದರೆ ಅರ್ಧ ತಾಳ ಕಾಯಬೇಕು. ಮೇಷ್ಟ್ರು ಬದುಕಿದ್ದಿದ್ದರೆ ಇಬ್ಬರಿಗೂ ಕೋಲಲ್ಲಿ ಬಿಡ್ತಿದ್ರು."

"ಚೆನ್ನಾಗಿ ಕಲೀತಿದ್ದಾಳೆ."

"ಕಲಿಯದೆ ಏನು, ನಾನು ಹತ್ತು ವರ್ಷ ತಿದ್ದಿದ ಕಾಲು ಅದು." ಆಮೇಲೆ ದನಿ ತಗ್ಗಿಸಿದಳು. "ಒಂದು ಕೇಳ್ತೀನಿ, ಸಿಟ್ಟಾಗಬೇಡ. ಆ ವರ್ಷ ನೀನು ಕಾಲು ಉಳುಕಿಸಿಕೊಂಡು ಬಂದು ನನ್ನ ಮನೇಲಿ ಮಲಗಿದ್ದೆಯಲ್ಲ, ನಾನೇ ಬಿಸಿನೀರಲ್ಲಿ ಇಡಿಸಿದ್ದೆ. ಎಡಗಾಲು ತಾನೇ?"

"ನೆನಪಿಲ್ಲ."

"ನನಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಂದು ತಿರುಗುಮುರುಗು. ನೆಲ ನೆಟ್ಟಗಿತ್ತು, ನೀನು ಕಾಲನ್ನ ಡೊಂಕು ಮಾಡಿಕೊಂಡು ಕುಣಿದೆ. ಜನ ಚಪ್ಪಾಳೆ ತಟ್ಟಿದರು, ನಾನು ಬಾಯಿ ಮುಚ್ಚಿಕೊಂಡೆ. ಈಗ ನನ್ನ ಮಗಳ ಕಾಲು ಅದು. ನೋಡಿಕೋ."

ಶಾಟ್‌ಗೆ ಕರೆಯುತ್ತಿದ್ದಾರೆ ಎಂದು ಫೋನಿಟ್ಟೆ. ಮನೆಯಲ್ಲಿದ್ದೆ. ಒಗೆದ ಬಟ್ಟೆಗಳು ಮಡಿಸದೆ ಹಾಸಿಗೆಯ ಮೇಲೆ ಬಿದ್ದಿದ್ದವು.

ಮಾರ್ಚ್ ೧೪, ಶುಕ್ರವಾರ

ಕೊಕ್ಕರೆ ಇರಲಿಲ್ಲ.

ಕೆರೆ ಇತ್ತು. ಬಸ್ಸಿನಿಂದ ಕಾಣುತ್ತಿತ್ತು.

ಮೊದಲ ಭಾಗದ ಶೂಟಿಂಗಿನ ಐದನೆಯ ದಿನ, ನನ್ನನ್ನು ಹಾರಿಸುತ್ತಿದ್ದ ತಂತಿ ಒಂದು ಕ್ಷಣ ಮೊದಲೇ ಸಡಿಲಾಯಿತು. ಎಡಗಾಲು ತಿರುಚಿ ಬಿದ್ದೆ. ಹತ್ತು ದಿನ ನಿಲ್ಲಿಸಲು ಆಗುವುದಿಲ್ಲ, ಹೇಗಾಗುತ್ತೋ ಹಾಗೆ ನಡೀರಿ ಎಂದರು ಡೈರೆಕ್ಟರು. ಗೋಂದಣ್ಣ ಊದಿದ ಕಾಲಿಗೆ ಹೊಸ ಅಚ್ಚು ತೆಗೆದರು. ನಡೆದೆ. ಸಂಜೆ ಪರದೆಯ ಮೇಲೆ ನೋಡಿದವರೆಲ್ಲ ಎದ್ದು ನಿಂತರು. ಇಷ್ಟು ದಿನ ರಾಣಿ ಎಲ್ಲಿ ಅಡಗಿದ್ದಳು ಎಂದರು ಯಾರೋ.

ಮೂರು ವಾರಕ್ಕೆ ಕಾಲು ವಾಸಿಯಾಯಿತು. ನೆಟ್ಟಗೆ ನಡೆದೆ. "ರಾಣಿಗೆ ಏನಾಯ್ತು?" ಎಂದರು ಡೈರೆಕ್ಟರು. ಅಂದಿನಿಂದ ವಾಸಿಯಾದ ಕಾಲಿನಲ್ಲಿ ಉಳುಕಿದ ಕಾಲನ್ನು ನಡೆಯುತ್ತಿದ್ದೇನೆ. ಎರಡನೆಯ ಭಾಗದಲ್ಲಿ ಅದಕ್ಕೊಂದು ಬಾಣದ ಗಾಯದ ಕಥೆಯನ್ನೂ ಬರೆದರು. ಪತ್ರಿಕೆಯವನೊಬ್ಬ, ಯಾವುದಾದರೂ ಹಕ್ಕಿಯನ್ನು ನೋಡಿ ಕಲಿತಿರಾ ಎಂದು ಕೇಳಿದ. ಹೌದು ಎಂದೆ. ಯಾವ ಹಕ್ಕಿ ಎಂದು ಕೇಳಿದಾಗ ಕೊಕ್ಕರೆ ಬಾಯಿಗೆ ಬಂತು. ಆರೂವರೆ ಗಂಟೆ ಆಮೇಲೆ ಸೇರಿತು.

ಇದನ್ನು ಒಂಬತ್ತು ದಿನದ ಹಿಂದೆ ಇದೇ ಪುಸ್ತಕದಲ್ಲಿ ಬೇರೆ ಥರ ಬರೆದಿದ್ದೇನೆ. ಆ ಪುಟ ಹರಿಯಲು ಹೋಗಿ ಬಿಟ್ಟೆ.

ಮಾರ್ಚ್ ೧೯, ಬುಧವಾರ

ಇವತ್ತು ಅವಳಿಗೆ ಬಂತು.

ಹನ್ನೊಂದು ಗಂಟೆಯ ಸುಮಾರು. ನಾನು ಕನ್ನಡಿಗೆ ಬೆನ್ನು ಮಾಡಿ ಟೀ ಕುಡಿಯುತ್ತಿದ್ದೆ. ಕೋಣೆಯ ಸದ್ದು ಬದಲಾಯಿತು. ತಿರುಗಿದರೆ ರಾಣಿ ನನ್ನ ಕಡೆ ನಡೆದು ಬರುತ್ತಿದ್ದಳು. ಬಾಗಿದ ಬಲಮೊಣಕಾಲು, ನೆಲವನ್ನು ಕೇಳುವ ಎಡಗಾಲು. ರೆಕ್ಕೆಯಿಲ್ಲ, ಕೊಕ್ಕಿಲ್ಲ, ಮಾಸಿದ ನೀಲಿ ಬನಿಯನ್. ಆದರೂ ರಾಣಿ.

ಡೈರೆಕ್ಟರನ್ನು ಕರೆದೆ. ನೋಡಿ ಅವರು ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. ನನ್ನ ಕೈ ಕುಲುಕಿದರು. ಅವಳ ಕೈ ಕುಲುಕಬೇಕಿತ್ತು.

ನನ್ನ ಮನೆಗೆ ಬೇರೆ ಬೀಗದಕೈ ಮಾಡಿಸಿಕೊಂಡು ಯಾರೋ ಒಳಗೆ ಬಂದು, ಎಲ್ಲವನ್ನೂ ಇದ್ದಲ್ಲೇ ಬಿಟ್ಟು, ಕುರ್ಚಿಯ ಮೇಲೆ ಸುಮ್ಮನೆ ಕೂತ ಹಾಗೆ ಅನ್ನಿಸಿತು.

ಹೋಗುವಾಗ ಅವಳು ಮೆಟ್ಟಿಲ ಕಟಾಂಜನ ಹಿಡಿದು ಇಳಿದಳು.

ಮಾರ್ಚ್ ೨೧, ಶುಕ್ರವಾರ

ಹದಿನಾಲ್ಕು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಎರಡು ಕಾಲು ಜೋಡಿಸಿ ಇಳಿದಳು. ನಾನು ಕೆಳಗೆ ನಿಂತಿದ್ದೆ. ನನ್ನನ್ನು ಕಂಡು ಕೊನೆಯ ಮೂರನ್ನು ಹಾರಿದಳು.

ಮಾರ್ಚ್ ೨೫, ಮಂಗಳವಾರ

ಮೂಳೆ ಡಾಕ್ಟರು ನನ್ನ ಮೊಣಕಾಲಿನ ಚಿತ್ರವನ್ನು ಬೆಳಕಿಗೆ ಹಿಡಿದರು. ಮೂಳೆಗೂ ಮೂಳೆಗೂ ನಡುವೆ ಇರಬೇಕಾದದ್ದು ಒಳಬದಿಯಲ್ಲಿ ಇಲ್ಲ. ಹೊರಬದಿಯಲ್ಲಿ ಕಾಗದದಷ್ಟು ಇದೆ. ಏಪ್ರಿಲ್ ಹದಿನೇಳಕ್ಕೆ ಆಪರೇಷನ್ ಎಂದರು. ಶೂಟಿಂಗ್ ಹತ್ತಕ್ಕೆ ಮುಗಿಯುತ್ತದೆ.

"ಏನು ಕೆಲಸ ನಿಮ್ಮದು? ಈ ಒಂದೇ ಮೊಣಕಾಲನ್ನ ಇಷ್ಟು ದುಡಿಸಿದ್ದೀರಲ್ಲ? ಇನ್ನೊಂದು ಮಾತ್ರ ಹುಡುಗಿಯ ಮೊಣಕಾಲಿನ ಹಾಗಿದೆ."

"ನಡೆಯೋ ಕೆಲಸ."

ಅವರು ಅಂಚೆಯವಳು ಎಂದುಕೊಂಡಿರಬೇಕು. ತಲೆಯಾಡಿಸಿದರು.

"ಇಪ್ಪತ್ತೆರಡು ವರ್ಷದವರು ಒಬ್ಬರು ಇದೇ ಕೆಲಸ ಮಾಡಿದರೆ?" ಎಂದು ಕೇಳಿದೆ.

"ಚಿಕ್ಕ ವಯಸ್ಸಿಗೆ ನೋವು ಬೇಗ ಗೊತ್ತಾಗೋದಿಲ್ಲ. ಮೆಟ್ಟಿಲು ಇಳಿಯುವಾಗ ಮೊದಲು ಗೊತ್ತಾಗುತ್ತೆ. ಯಾಕೆ, ಮಗಳಾ?"

ಹೂಂ ಎಂದೆ. ವಿವರಿಸುವುದು ಬೇಸರದ ಕೆಲಸ.

ಮಾರ್ಚ್ ೨೭, ಗುರುವಾರ

ಹುಡುಗಿ ಓಡಿ ಬಂದಳು. ಮುಂದಿನ ಮೂರು ಭಾಗಕ್ಕೆ ಅವಳೇ ರಾಣಿ. ಮುಖಕ್ಕೂ ಅವಳೇ. ಏಳು ವರ್ಷದ ಕರಾರು. ಕೊನೆಯ ಶಾಟ್ ಆದ ಮೇಲೆ ಸಹಿ. ಈ ಭಾಗದ ಕೊನೆಯಲ್ಲಿ ಹಳೆಯ ರಾಣಿ ಕಿರೀಟವನ್ನು ಇವಳಿಗೆ ಕೊಡುತ್ತಾಳೆ, ಕಿರೀಟದ ಜೊತೆ ನಡಿಗೆಯೂ ಹೋಗುತ್ತದೆ.

"ನಿಮಗೆ ಬೇಜಾರಿಲ್ಲ ತಾನೇ ಚಿಕ್ಕಮ್ಮ?"

"ನನಗ್ಯಾಕೆ ಬೇಜಾರು?"

"ಅಮ್ಮ ಅಂದಳು, ನಿಮಗೆ ಬೇಜಾರಾದರೆ ನಿಮ್ಮ ಮುಖ ಇನ್ನೂ ನೆಟ್ಟಗಾಗುತ್ತಂತೆ. ಈಗ ಬಹಳ ನೆಟ್ಟಗಿದೆ."

ಏಳು ವರ್ಷ. ಹೇಳಿದರೆ ನನ್ನ ಕೆರೆ, ಕೊಕ್ಕರೆ, ಶಾಲೆಯ ಪಾಠ ಎಲ್ಲ ಹೋಗುತ್ತದೆ. ನೃತ್ಯದಲ್ಲಿ ನಾನು ಅಕ್ಕನ ಕಾಲ ಧೂಳಿಗೂ ಸಮವಿರಲಿಲ್ಲ. ಈ ನಡಿಗೆಯನ್ನು ತೆಗೆದರೆ ಉಳಿಯುವುದು ತಂತಿಯಿಂದ ಜಾರಿಬಿದ್ದ ಒಬ್ಬಳು.

ಮನೆಗೆ ಬಂದು ಮೊಗಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದೆ. ಎರಡು ಕಾಲಿಗೂ ಸಮ ಭಾರ, ಸಮ ತಾಳ. ಡಾಕ್ಟರು ಏನಾದರೂ ವ್ಯಾಯಾಮ ಮಾಡಿ ಎಂದಿದ್ದರು. ಹತ್ತು ಸಲ.

ಏಪ್ರಿಲ್ ೨, ಬುಧವಾರ

ಹೇಳಿದೆ.

ಅಭ್ಯಾಸದ ಕೋಣೆ, ಅವಳು ಪಾದ ಬಿಚ್ಚುತ್ತಿದ್ದಳು. ಎಡಗಾಲಿನಿಂದ ಹತ್ತಿ ಹೊರಗೆ ಬಂತು.

"ಅಲ್ಲಿ ಹತ್ತಿ ಯಾಕೆ ಬೇಕು ಅಂತ ಗೊತ್ತಾ?" ಎಂದು ಶುರುಮಾಡಿದೆ. ತಂತಿ, ಉಳುಕು, ಅಚ್ಚು, ಕೊಕ್ಕರೆ ಇಲ್ಲದ ಕೆರೆ, ಮೂಳೆಯ ಚಿತ್ರ. ಐದು ನಿಮಿಷವೂ ಹಿಡಿಯಲಿಲ್ಲ. ಹದಿನೈದು ವರ್ಷದ ವಿಷಯ ಇಷ್ಟು ಚಿಕ್ಕದೆಂದು ಗೊತ್ತಿರಲಿಲ್ಲ.

ಅವಳು ಜಡೆ ಬಿಚ್ಚಿ ಮತ್ತೆ ಕಟ್ಟಿಕೊಂಡಳು.

"ಇದನ್ನ ಇವತ್ತೇ ಯಾಕೆ ಹೇಳ್ತಿದ್ದೀರಿ?"

"ನಿನ್ನ ಮೊಣಕಾಲು..."

"ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಕರಾರಿನ ಮಾತು ಬಂದ ದಿನದಿಂದ ನೀವು ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ. ಊರಿಗೆಲ್ಲ ಹದಿನೈದು ವರ್ಷ ಕೊಕ್ಕರೆ ಕಥೆ ಹೇಳಿದವರು ನನಗೊಬ್ಬಳಿಗೆ ನಿಜ ಹೇಳ್ತಿದ್ದೀರಾ? ಹೇಗೆ ನಂಬಲಿ?"

"ಡಾಕ್ಟರ ಹತ್ತಿರ ಹೋಗೋಣ. ಚಿತ್ರ ತೆಗೆಸೋಣ."

"ತೆಗೆಸಿ ಡೈರೆಕ್ಟರಿಗೆ ತೋರಿಸೋಕಾ? ಬಿಟ್ಟುಕೊಡೋಕೆ ಮನಸ್ಸಿಲ್ಲ ಅಂತ ನೇರವಾಗಿ ಹೇಳಿ ಮೇಡಂ. ಅದಾದರೆ ಅರ್ಥವಾಗುತ್ತೆ."

ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಪ್ಯಾಂಟಿನ ಒಳಗೆ ಬಲಮೊಣಕಾಲಿಗೆ ಪಟ್ಟಿ ಕಟ್ಟಿದ್ದು ಬಟ್ಟೆಯ ಮೇಲೇ ಕಾಣುತ್ತಿತ್ತು. ಅವಳು ಹೇಳಿದ್ದರಲ್ಲಿ ಅರ್ಧ ಸರಿ. ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದೆ.

ಏಪ್ರಿಲ್ ೪, ಶುಕ್ರವಾರ

ಹುಡುಗಿ ಅಭ್ಯಾಸಕ್ಕೆ ಬರಲಿಲ್ಲ. ಡೈರೆಕ್ಟರ ಕೋಣೆಗೆ ಹೋದೆ. ಮೇಜಿನ ಮೇಲೆ ರಟ್ಟಿನ ಪುಟ್ಟ ಮಂಟಪ, ಹನ್ನೆರಡು ಜೋಡಿ ಕಂಬ. ಅವರು ಬೆರಳಿನಿಂದ ಒಂದೊಂದನ್ನೇ ಬೀಳಿಸುತ್ತಿದ್ದರು.

ಹೇಳಿದೆ. ಅವರು ತಲೆಯೆತ್ತಲಿಲ್ಲ.

"ಗೊತ್ತು. ಆವತ್ತು ನಿಮ್ಮನ್ನ ನಡೆಸಿದ್ದು ನಾನೇ ಅಲ್ಲವಾ? ಕೊಕ್ಕರೆ ಕಥೆ ಓದಿ ನಕ್ಕಿದ್ದೆ. ಚೆನ್ನಾಗಿತ್ತು."

"ಆ ಹುಡುಗಿಯ ಮೊಣಕಾಲು ಹೋಗುತ್ತೆ."

"ಮೊಣಕಾಲಿಗೆ ಡಾಕ್ಟರಿದ್ದಾರೆ. ನಡಿಗೆಗೆ ಯಾರಿದ್ದಾರೆ? ರಾಣಿ ನೆಟ್ಟಗೆ ನಡೆದರೆ ಅವಳು ಪುಕ್ಕ ಅಂಟಿಸಿಕೊಂಡ ಒಬ್ಬ ಹೆಂಗಸು. ನೀವೇ ಹೇಳಿ, ಆ ಕಾಲು ಉಳುಕದಿದ್ದರೆ ನಾವಿಬ್ಬರೂ ಇವತ್ತು ಎಲ್ಲಿರ್ತಿದ್ದೆವು?"

ಆಮೇಲೆ ಕೊನೆಯ ಶಾಟ್ ವಿವರಿಸಿದರು. ನಾನು ಬಾಗಿಲಿನಿಂದ ಸಿಂಹಾಸನಕ್ಕೆ ನಡೆಯಬೇಕು. ಇದು ಮುಖ ಕಾಣುವ ಶಾಟ್, ನಾನೇ ಆಗಬೇಕು. ನಾನು ದಾಟಿದ ಪ್ರತಿ ಜೋಡಿ ಕಂಬ ಹಿಂದೆ ಕುಸಿಯುತ್ತದೆ. ಆರು ಜೋಡಿ ಕಳೆದ ಮೇಲೆ ಸಿಂಹಾಸನ. ಕಿರೀಟ ಕೊಟ್ಟು ಮಂಡಿಯೂರಬೇಕು. ಹುಡುಗಿ ಉಳಿದ ಆರು ಜೋಡಿ ಕಂಬಗಳ ನಡುವೆ ಆಚೆಯ ಬಾಗಿಲಿಗೆ ನಡೆಯುತ್ತಾಳೆ. ಎಲ್ಲ ಒಂದೇ ಶಾಟ್.

"ಒಂದು ಕಂಬ ಬಿತ್ತು ಅಂದರೆ ಮುಗೀತು. ಮತ್ತೆ ಕಟ್ಟೋಕೆ ಎರಡು ತಿಂಗಳು ಬೇಕು, ಆ ಮಾತೇ ಇಲ್ಲ. ಅವಳಿಗೆ ಹೇಳಿದ್ದೀನಿ, ಚಿಕ್ಕಮ್ಮ ಹೇಗೆ ನಡೆದು ಬಂದರೋ ಹಾಗೇ ನೀನು ನಡೆದುಹೋಗು ಅಂತ."

ತಲೆಯಾಡಿಸಿದೆ. ಅವರಿಗೆ ತಲೆಯಾಡಿಸುವುದು ನನಗೆ ಅಭ್ಯಾಸವಾಗಿದೆ.

ಮೊಗಸಾಲೆಯಲ್ಲಿ ಇಪ್ಪತ್ತು ಸಲ.

ಏಪ್ರಿಲ್ ೮, ಮಂಗಳವಾರ

ನಲವತ್ತು ಸಲ. ನೆಟ್ಟಗೆ ನಡೆದರೆ ಹೆಚ್ಚು ನೋವು. ಹೆಜ್ಜೆ ಎಣಿಸುವಾಗ ಮೇಷ್ಟ್ರ ಕೋಲಿನ ಸದ್ದು ಕಿವಿಯಲ್ಲಿ ಬರುತ್ತದೆ, ಅದಕ್ಕೆ ಕಾಲು ಹೊಂದಿಕೊಳ್ಳುತ್ತದೆ. ಹಕ್ಕಿಪಾದವನ್ನು ಮನೆಗೆ ತಂದುಕೊಂಡಿದ್ದೇನೆ. ಗೋಂದಣ್ಣ ಯಾಕೆಂದು ಕೇಳಲಿಲ್ಲ. ಹಿಂದಿನ ಉಗುರಿಗೆ ಒಳಗಿನಿಂದ ಒಂದು ಬೆಂಡಿನ ತುಂಡು ಕೂರಿಸಿಕೊಟ್ಟರು. ಹಿಮ್ಮಡಿಗೆ ಸ್ವಲ್ಪ ಆಸರೆಯಾಯಿತು.

"ವ್ಯಾಯಾಮಕ್ಕೆ," ಎಂದೆ.

"ಅಯ್ಯೋ, ವ್ಯಾಯಾಮ ಒಳ್ಳೇದು ತಾಯಿ," ಎಂದರು.

ಏಪ್ರಿಲ್ ೧೦, ಗುರುವಾರ

ಕ್ರಮವಾಗಿ ಬರೆಯುತ್ತೇನೆ.

ಮಂಟಪದಲ್ಲಿ ಇನ್ನೂರು ಜನ, ಪುಕ್ಕದ ವೇಷ. ಕಂಬಗಳು ಪ್ಲಾಸ್ಟರಿನವು, ಒಳಗೆ ಟೊಳ್ಳು. ಗುಂಡಿ ಒತ್ತುವವನು ಒಂದು ಏಣಿಯ ಮೇಲೆ ಕೂತು ನನ್ನ ಕಾಲನ್ನೇ ನೋಡುತ್ತಿದ್ದ. ನಾನು ಕಂಬ ದಾಟಿದರೆ ಅವನು ಒತ್ತಬೇಕು. ಹುಡುಗಿ ಸಿಂಹಾಸನದ ಪಕ್ಕ ನಿಂತಿದ್ದಳು. ಬೆಳಗಿನಿಂದ ನನ್ನ ಜೊತೆ ಮಾತಾಡಿರಲಿಲ್ಲ.

ಡೈರೆಕ್ಟರು ಕೂಗಿದರು. ನಡೆದೆ. ಮೊದಲ ಜೋಡಿ ಕಂಬ ದಾಟುವವರೆಗೆ ಎಡಗಾಲು ಎಂದಿನಂತೆ ಅರ್ಧ ತಾಳ ತಡೆಯಿತು. ಹಿಂದೆ ಕಂಬ ಬಿತ್ತು, ಬೆನ್ನಿಗೆ ಗಾಳಿ ಬಡಿಯಿತು.

ಆಮೇಲೆ ತಡೆಯಲಿಲ್ಲ.

ತಡೆಯಬೇಡ ಎಂದು ನಾನು ಅದಕ್ಕೆ ಹೇಳಿದೆನೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ಬಲ, ಎಡ, ಬಲ, ಎಡ. ಎರಡನೆಯ ಜೋಡಿ. ಮೊಣಕಾಲಿನೊಳಗೆ ಮೂಳೆ ಮೂಳೆಗೆ ತಾಗುವುದು ನನಗೊಬ್ಬಳಿಗೇ ಕೇಳಿಸುತ್ತಿತ್ತು. ಮೂರು. ಕ್ಯಾಮೆರಾದ ಹಿಂದೆ ಯಾರದೋ ಕುರ್ಚಿ ಉರುಳಿತು. ಯಾರೂ ನಿಲ್ಲಿಸಲಿಲ್ಲ, ನಿಲ್ಲಿಸಲು ಹಿಂದೆ ಏನೂ ಉಳಿದಿರಲಿಲ್ಲ. ನಾಲ್ಕು, ಐದು, ಆರು.

ಕಿರೀಟವನ್ನು ಅವಳ ತಲೆಗಿಟ್ಟೆ. ಮುಖವಾಡದ ತೂತುಗಳಲ್ಲಿ ಅವಳ ಕಣ್ಣುಗಳು ಅಗಲವಾಗಿ ನನ್ನ ಎಡಗಾಲನ್ನು ನೋಡುತ್ತಿದ್ದವು. ಮಂಡಿಯೂರಿದೆ. ಅದು ನಟನೆಯಲ್ಲ, ಮೊಣಕಾಲು ತಾನಾಗಿಯೇ ಕೈಬಿಟ್ಟಿತು.

ಗುಂಪಿನಲ್ಲಿ ಕುಣಿಯುವವ‌ರಿಗೆಲ್ಲ ಮೇಷ್ಟ್ರು ಕಲಿಸುತ್ತಿದ್ದ ಒಂದು ಪಾಠವಿತ್ತು. ಮುಂದಿನವಳು ತಪ್ಪಿದರೆ ಹಿಂದಿನವಳು ಅದೇ ತಪ್ಪನ್ನು ತಪ್ಪದೆ ಮಾಡಬೇಕು. ಆಗ ನೋಡುವವರಿಗೆ ಅದು ತಪ್ಪಾಗಿ ಕಾಣುವುದಿಲ್ಲ. ಅಕ್ಕ ತನ್ನ ಶಿಷ್ಯರಿಗೂ ಇದನ್ನು ಕಲಿಸಿಯೇ ಇರುತ್ತಾಳೆ. ಆದರೆ ಇವಳು ಒಂದು ತಿಂಗಳಿನಿಂದ ನನ್ನ ಶಿಷ್ಯೆ.

ಅವಳು ತಿರುಗಿದಳು. ಮೊದಲ ಹೆಜ್ಜೆಯಲ್ಲಿ ಎಡಗಾಲು ತಡೆಯಿತು. ಚೆನ್ನಾಗಿ ತಡೆಯಿತು, ನಾನು ಕಲಿಸಿದಷ್ಟೇ. ಬೆರಳುಗಳು ನೆಲದ ಮೇಲೆ ತೂಗಿದವು. ಆ ಅರ್ಧ ತಾಳದಲ್ಲಿ ನಾನು ಉಸಿರಾಡಲಿಲ್ಲ.

ಎರಡನೆಯ ಹೆಜ್ಜೆ ತಡೆಯಲಿಲ್ಲ. ಮೂರನೆಯದೂ. ಬೆನ್ನು ನೆಟ್ಟಗಾಯಿತು. ಆರು ಜೋಡಿ ಕಂಬಗಳೂ ಅವಳ ಹಿಂದೆ ಒಂದೊಂದಾಗಿ ಬಿದ್ದವು, ಧೂಳಿನಲ್ಲಿ ಅವಳು ಕಾಣದಾದಳು.

ಡೈರೆಕ್ಟರು ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು. ಅದರ ಮೇಲೆ ಕೂರಲಿಲ್ಲ. ಕಥೆ ಬರೆಯುವವರನ್ನು ಕರೆದು, "ಗಾಯ ವಾಸಿಯಾಯ್ತು ಅಂತ ಎಲ್ಲಾದರೂ ಒಂದು ಮಾತು ಸೇರಿಸಿ," ಎಂದರು. ನನ್ನ ಪಕ್ಕದಲ್ಲೇ ಹಾದುಹೋದರು.

ಕ್ಯಾರವಾನಿನಲ್ಲಿ ಗೋಂದಣ್ಣ ನನ್ನ ಮುಖ ಬಿಚ್ಚುತ್ತಿದ್ದಾಗ ಅವಳು ಬಂದಳು. ಕಿರೀಟ ಇನ್ನೂ ತಲೆಯ ಮೇಲೇ ಇತ್ತು. ನಿಂತೇ ಇದ್ದಳು.

"ಮೊದಲೇ ಹೇಳಬಹುದಿತ್ತು ನೀನು, ಚಿಕ್ಕಮ್ಮ."

"ಹೇಳಿದ್ದೆ."

"ಹೀಗೆ ಮಾಡ್ತೀನಿ ಅಂತ ಹೇಳಿರಲಿಲ್ಲ."

"ನನಗೂ ಗೊತ್ತಿರಲಿಲ್ಲ."

"ಸುಳ್ಳು," ಎಂದಳು. ಗೋಂದಣ್ಣ ಕೆಮ್ಮಿದರು. ಅವಳು ನೆಲದ ಮೇಲೆ ಕೂತು, ನನ್ನ ಎಡಪಾದವನ್ನು ತೊಡೆಯ ಮೇಲೆಳೆದುಕೊಂಡು, ಉಗುರುಗಳ ಗುಂಡಿ ಬಿಚ್ಚಲು ತೊಡಗಿದಳು. ಬಿಚ್ಚುತ್ತ ಬಿಚ್ಚುತ್ತ ಅತ್ತಳು. ಕರಾರಿಗೆ ನಾಳೆ ಸಹಿಯಂತೆ. ನೆಟ್ಟಗೆ ನಡೆಯುವ ರಾಣಿಯನ್ನೇ ಇಟ್ಟುಕೊಳ್ಳದೆ ಅವರಿಗೆ ಬೇರೆ ದಾರಿಯಿಲ್ಲ.

ಏಪ್ರಿಲ್ ೧೭, ಗುರುವಾರ

ಆಸ್ಪತ್ರೆ. ಹತ್ತೂವರೆಗೆ ಕರೆದುಕೊಂಡು ಹೋಗುತ್ತಾರೆ. ಈ ಪುಸ್ತಕ ತಂದದ್ದಕ್ಕೆ ನರ್ಸು ಒಂದು ಮಾತು ಅಂದಳು, ಕಿತ್ತುಕೊಳ್ಳಲಿಲ್ಲ.

ಅಕ್ಕ ಬೆಳಿಗ್ಗೆಯೇ ಬಂದಳು. ಪತ್ರಿಕೆಯನ್ನು ಚೀಲದ ಅಡಿಯಲ್ಲಿ ಬಚ್ಚಿಟ್ಟಿದ್ದಳು. ಬಚ್ಚಿಡುವುದು ಅವಳಿಗೆ ಎಂದೂ ಬರಲಿಲ್ಲ. ತೆಗೆದು ಓದಿದೆ. "ಕಾಲು ಸೋತ ರಾಣಿ" ಎಂಬ ತಲೆಬರಹ. ತಮ್ಮದೇ ಪ್ರಸಿದ್ಧ ನಡಿಗೆ ಕೊನೆಯ ಶಾಟ್‌ನಲ್ಲಿ ಅವರಿಗೆ ಸಾಧ್ಯವಾಗಲಿಲ್ಲ, ವಯಸ್ಸು ಯಾರನ್ನೂ ಬಿಡುವುದಿಲ್ಲ ಎಂದು ಡೈರೆಕ್ಟರು ಹೇಳಿದ್ದಾರೆ. ಜೊತೆಯಲ್ಲಿದ್ದ ಹುಡುಗಿ ಸಮಯಸ್ಫೂರ್ತಿಯಿಂದ ಹೊಂದಿಕೊಂಡು ಶಾಟ್ ಉಳಿಸಿದಳಂತೆ. ಕೊಕ್ಕರೆಯ ಕಥೆಯನ್ನು ಕೊನೆಯ ಪ್ಯಾರಾದಲ್ಲಿ ಮತ್ತೆ ಹಾಕಿದ್ದಾರೆ.

"ಬರೆದು ಕಳಿಸೋಣ ಕಣೇ, ಹೀಗಲ್ಲ ಅಂತ. ನೀನು ಹೇಳು, ನಾನು ಬರೀತೀನಿ."

"ಬಿಡು."

"ಏನು ಬಿಡು? ಊರೆಲ್ಲ ನಿನಗೆ ಕೈಲಾಗಲಿಲ್ಲ ಅಂತಿದೆ. ಹದಿನೈದು ವರ್ಷ ಸುಳ್ಳು ಹೇಳೋಕೆ ಬಂತು, ಒಂದು ದಿನ ನಿಜ ಹೇಳೋಕೆ ಏನು ರೋಗ?"

"ರೋಗ ಮೊಣಕಾಲಿಗೆ."

ಅವಳು ನಗಬಾರದೆಂದು ತುಟಿ ಕಚ್ಚಿಕೊಂಡಳು, ಆಗಲಿಲ್ಲ. ಆಮೇಲೆ ನನ್ನ ಹೊದಿಕೆಯನ್ನು ಸರಿಮಾಡಿದಳು, ಸರಿಯಾಗಿಯೇ ಇದ್ದದ್ದನ್ನು. "ಅವಳು ಮೆಟ್ಟಿಲು ಇಳಿಯುವಾಗ ಈಗ ಏನೂ ಹಿಡಿಯೋದಿಲ್ಲ," ಎಂದಳು ಗೋಡೆಗೆ ಹೇಳುವ ಹಾಗೆ. "ಹತ್ತಕ್ಕೆ ಬರ್ತೀನಿ ಅಂದಿದ್ದಾಳೆ."

ಮಲಗಿದಲ್ಲಿಂದ ಬಾಗಿಲ ಹೊರಗಿನ ಓಡಾಟ ಕೇಳುತ್ತದೆ. ನರ್ಸು ಹಿಮ್ಮಡಿ ಎಳೆಯುತ್ತಾಳೆ. ಕಸ ಗುಡಿಸುವವಳ ಒಂದು ಚಪ್ಪಲಿಯ ಪಟ್ಟಿ ಕಿತ್ತಿದೆ. ಡಾಕ್ಟರು ಬೂಟಿನ ತುದಿಯಿಂದ ನಡೆಯುತ್ತಾರೆ. ಅವಳದೂ ಹೊರಗೇ ಗೊತ್ತಾಗುತ್ತದೆ ಎಂದುಕೊಂಡು ಕಾಯುತ್ತಿದ್ದೆ. ಒಂದು ತಿಂಗಳು ದಿನವೂ ಕೇಳಿದ ಹೆಜ್ಜೆ.

ಹತ್ತಕ್ಕೆ ಐದು ನಿಮಿಷ ಇರುವಾಗ ಯಾರೋ ಬಂದರು. ಹಗುರ, ಸ್ವಲ್ಪ ಅವಸರ, ಎರಡು ಕಾಲೂ ಸಮ. ಪಕ್ಕದ ಕೋಣೆಯವರನ್ನು ನೋಡಲು ಬಂದ ಹೊಸಬರಿರಬೇಕು ಎಂದುಕೊಂಡು ಪುಟ ತಿರುಗಿಸಿದೆ.

ಬಾಗಿಲು ತಳ್ಳಿಕೊಂಡು ನಮ್ಮ ಹುಡುಗಿ ಒಳಗೆ ಬಂದಳು.